ಗೆಟ್‌ನೆಟ್‌ಎಂಟ್ ಬಳಗ: ಜಾಲಗಳ ಪಟ್ಟಿ ಓದುವ ಸಿ ಲೈಬ್ರರಿ ಫಂಕ್ಷನ್‌ಗಳು

ಗೆಟ್‌ನೆಟ್‌ಎಂಟ್ ಬಳಗವೆಂದರೆ ಜಾಲಗಳ ಹೆಸರು ಮತ್ತು ಸಂಖ್ಯೆಗಳ ಪಟ್ಟಿಯಿಂದ ನಮೂದುಗಳನ್ನು ಓದಿ ಪ್ರೋಗ್ರಾಮಿಗೆ ಒದಗಿಸುವ ಐದು ಫಂಕ್ಷನ್‌ಗಳ ಗುಂಪು. ಗೆಟ್‌ನೆಟ್‌ಎಂಟ್, ಗೆಟ್‌ನೆಟ್‌ಬೈನೇಮ್, ಗೆಟ್‌ನೆಟ್‌ಬೈಆಡ್ರ್, ಸೆಟ್‌ನೆಟ್‌ಎಂಟ್, ಎಂಡ್‌ನೆಟ್‌ಎಂಟ್ ಎಂಬ ಇವು ಯೂನಿಕ್ಸ್ ಮತ್ತು ಅದರ ಜಾಡಿನಲ್ಲಿ ಬಂದ ಆಪರೇಟಿಂಗ್ ಸಿಸ್ಟಮ್‌ಗಳ ಸಿ ಲೈಬ್ರರಿಯಲ್ಲಿವೆ. ಈ ಪಟ್ಟಿಯಲ್ಲಿರುವುದು ಒಂದೊಂದು ಕಂಪ್ಯೂಟರಿನ ಹೆಸರಲ್ಲ, ಹಲವು ಕಂಪ್ಯೂಟರ್‌ಗಳು ಸೇರಿದ ಇಡೀ ಜಾಲದ ಹೆಸರು. ಪಟ್ಟಿ ಸಾಮಾನ್ಯವಾಗಿ /ಎಟ್ಸಿ/ನೆಟ್‌ವರ್ಕ್ಸ್ ಎಂಬ ಕಡತದಲ್ಲಿರುತ್ತದೆ. ಡಿಎನ್‌ಎಸ್, ಎನ್‌ಐಎಸ್, ಎಲ್‌ಡ್ಯಾಪ್‌ಗಳಂಥ ಬೇರೆ ಮೂಲಗಳಿಂದಲೂ ಬರಬಹುದು.

ಪರಿಭಾಷೆ

ಫಂಕ್ಷನ್, ಕಡತ ಮತ್ತು ಸ್ಟ್ರಕ್ಚರ್‌ಗಳ ಹೆಸರುಗಳನ್ನು ಈ ಲೇಖನದಲ್ಲಿ ಉಚ್ಚಾರಣೆಗೆ ತಕ್ಕಂತೆ ಕನ್ನಡ ಲಿಪಿಯಲ್ಲಿ ಬರೆಯಲಾಗಿದೆ. ಪ್ರೋಗ್ರಾಮಿನಲ್ಲಿ ಅವನ್ನು ರೋಮನ್ ಸಣ್ಣಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಟೈಪ್ ಮಾಡಬೇಕು. ‘ಎಂಟ್’ ಎನ್ನುವುದು ನಮೂದು ಎಂಬರ್ಥದ ಎಂಟ್ರಿ ಪದದ ಮೊಟಕು, ‘ಆಡ್ರ್’ ಎನ್ನುವುದು ವಿಳಾಸಕ್ಕೆ ಸಲ್ಲುವ ಅಡ್ರೆಸ್ ಪದದ್ದು. ‘ಜಾಲಸಂಖ್ಯೆ’ ಎಂದರೆ ಐಪಿ ವಿಳಾಸದಲ್ಲಿ ಜಾಲವನ್ನು ಗುರುತಿಸುವ ಮುಂಭಾಗ. ಉಳಿದ ಹಿಂಭಾಗ ಆ ಜಾಲದೊಳಗಿನ ಕಂಪ್ಯೂಟರನ್ನು ಗುರುತಿಸುತ್ತದೆ, ಅದು ‘ಹೋಸ್ಟ್ ಭಾಗ’. ಬಳಗದ ಕೈಪಿಡಿಗಳಲ್ಲಿ ‘ಡೇಟಾಬೇಸ್’ ಎಂಬ ಪದ ಬಂದರೂ ಒರೇಕಲ್ ಅಥವಾ ಮೈಎಸ್‌ಕ್ಯೂಎಲ್ ಬಗೆಯ ದತ್ತಸಂಚಯ ಅದಲ್ಲ. ಸಾಲುಸಾಲಾಗಿ ಬರೆದ ಪಟ್ಟಿ ಅಷ್ಟೇ. ಹಾಗಾಗಿ ಇಲ್ಲಿ ಅದನ್ನು ‘ಪಟ್ಟಿ’ ಎಂದೇ ಕರೆಯಲಾಗಿದೆ.

ಮೂಲ

ಐದೂ ಫಂಕ್ಷನ್‌ಗಳು ಮೊದಲು ಕಾಣಿಸಿಕೊಂಡದ್ದು ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯ 1983ರಲ್ಲಿ ಹೊರತಂದ ಬಿಎಸ್‌ಡಿ 4.2ರಲ್ಲಿ. ಸಾಕೆಟ್‌ಗಳ ಮೂಲಕ ಟಿಸಿಪಿ/ಐಪಿ ಬಳಸುವ ವ್ಯವಸ್ಥೆಯನ್ನು ಯೂನಿಕ್ಸ್‌ಗೆ ವ್ಯಾಪಕವಾಗಿ ತಂದ ಆವೃತ್ತಿ ಅದು. ಮನುಷ್ಯರು ಬಳಸುವ ಹೆಸರನ್ನು ಯಂತ್ರ ಬಳಸುವ ಸಂಖ್ಯೆಗೆ ಹೊಂದಿಸಲು ಅದರಲ್ಲಿ ನಾಲ್ಕು ಪಟ್ಟಿಗಳಿದ್ದವು: ಹೋಸ್ಟ್‌ಗಳು, ಜಾಲಗಳು, ಪ್ರೊಟೊಕಾಲ್‌ಗಳು, ಸೇವೆಗಳು. ನಾಲ್ಕಕ್ಕೂ ಒಂದೇ ಅಚ್ಚಿನ ಫಂಕ್ಷನ್‌ಗಳನ್ನು ಎರೆಯಲಾಯಿತು. ಹೋಸ್ಟ್‌ಗೆ ಗೆಟ್‌ಹೋಸ್ಟ್‌ಬೈನೇಮ್ ಇದ್ದಂತೆ ಜಾಲಕ್ಕೆ ಗೆಟ್‌ನೆಟ್‌ಬೈನೇಮ್, ಸೇವೆಗೆ ಗೆಟ್‌ಸರ್ವ್‌ಬೈನೇಮ್, ಪ್ರೊಟೊಕಾಲ್‌ಗೆ ಗೆಟ್‌ಪ್ರೋಟೊಬೈನೇಮ್. ಒಂದನ್ನು ಕಲಿತವರಿಗೆ ಉಳಿದ ಮೂರನ್ನು ಬೇರೆಯಾಗಿ ಕಲಿಯುವ ಶ್ರಮವಿಲ್ಲ. ರಿಚರ್ಡ್ ಸ್ಟೀವನ್ಸ್ ಅವರ ‘ಯೂನಿಕ್ಸ್ ನೆಟ್‌ವರ್ಕ್ ಪ್ರೋಗ್ರಾಮಿಂಗ್’ ಗ್ರಂಥ ಈ ನಾಲ್ಕನ್ನೂ ಒಂದೇ ಕೋಷ್ಟಕದಲ್ಲಿ ಪಕ್ಕಪಕ್ಕಕ್ಕೆ ಇಟ್ಟು ತೋರಿಸುತ್ತದೆ.

ಆ ಕಾಲಕ್ಕೆ ಡಿಎನ್‌ಎಸ್ ಇನ್ನೂ ಬಳಕೆಗೆ ಬಂದಿರಲಿಲ್ಲ. ಅರ್ಪಾನೆಟ್‌ನ ಹೆಸರುಗಳೆಲ್ಲ ಹೋಸ್ಟ್ಸ್.ಟಿಎಕ್ಸ್‌ಟಿ ಎಂಬ ಒಂದೇ ಕಡತದಲ್ಲಿದ್ದವು. ಅದನ್ನು ಕ್ಯಾಲಿಫೋರ್ನಿಯದ ಎಸ್‌ಆರ್‌ಐ ಸಂಸ್ಥೆಯಲ್ಲಿದ್ದ ನೆಟ್‌ವರ್ಕ್ ಇನ್ಫರ್ಮೇಶನ್ ಸೆಂಟರ್, ಅಂದರೆ ಎನ್‌ಐಸಿ, ನಿರ್ವಹಿಸುತ್ತಿತ್ತು. (ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಎನ್‌ಐಸಿ ಎಂದರೆ 1976ರಲ್ಲಿ ಸ್ಥಾಪನೆಯಾದ ಭಾರತ ಸರ್ಕಾರದ ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರ್. ಹಳೆಯ ಕೈಪಿಡಿ ಓದುವಾಗ ಎರಡನ್ನೂ ಬೆರೆಸಿಕೊಳ್ಳಬಾರದು.) ಆ ಕಡತದಲ್ಲಿ ಹೋಸ್ಟ್‌ಗಳ ಸಾಲುಗಳ ಜೊತೆಗೆ ಜಾಲಗಳ ಸಾಲುಗಳೂ ಇರುತ್ತಿದ್ದವು. ಬಿಎಸ್‌ಡಿಯ ಎಚ್‌ಟೇಬಲ್ ಎಂಬ ಪ್ರೋಗ್ರಾಮ್ ಆ ಒಂದು ಕಡತವನ್ನು ಬಿಡಿಸಿ ಹೋಸ್ಟ್ಸ್, ನೆಟ್‌ವರ್ಕ್ಸ್, ಗೇಟ್‌ವೇಸ್ ಎಂದು ಮೂರು ಮಾಡುತ್ತಿತ್ತು. /ಎಟ್ಸಿ/ನೆಟ್‌ವರ್ಕ್ಸ್ ಹುಟ್ಟಿದ್ದು ಹೀಗೆ. ಲಿನಕ್ಸ್ ಕೈಪಿಡಿಯಲ್ಲಿ ಇಂದಿಗೂ ಅದು ‘ಡಾರ್ಪಾ ಜಾಲಗಳನ್ನು’ ವಿವರಿಸುವ ಕಡತವೆಂದೇ ಇದೆ.

ವಿಳಾಸದ ವರ್ಗಗಳು

ಈ ಬಳಗ ಅರ್ಥವಾಗಬೇಕಾದರೆ 1981ರ ಆರ್‌ಎಫ್‌ಸಿ 791 ನಿಗದಿಪಡಿಸಿದ ವರ್ಗ ಪದ್ಧತಿ ತಿಳಿದಿರಬೇಕು. ಫಂಕ್ಷನ್‌ಗಳ ವಿನ್ಯಾಸ ನಿಂತಿರುವುದು ಅದರ ಮೇಲೆಯೇ. 32 ಬಿಟ್‌ಗಳ ಐಪಿ ವಿಳಾಸದಲ್ಲಿ ‘ಎ’ ವರ್ಗಕ್ಕೆ ಮೊದಲ 8 ಬಿಟ್ ಜಾಲಸಂಖ್ಯೆ, ಉಳಿದ 24 ಹೋಸ್ಟ್ ಭಾಗ. ‘ಬಿ’ ವರ್ಗಕ್ಕೆ 16 ಮತ್ತು 16. ‘ಸಿ’ ವರ್ಗಕ್ಕೆ 24 ಮತ್ತು 8. ವಿಳಾಸದ ಮೊದಲ ಅಂಕಿ 1ರಿಂದ 126ರವರೆಗಿದ್ದರೆ ಎ, 128ರಿಂದ 191ರವರೆಗಿದ್ದರೆ ಬಿ, 192ರಿಂದ 223ರವರೆಗಿದ್ದರೆ ಸಿ. 127 ಕಂಪ್ಯೂಟರ್ ತನ್ನೊಡನೆ ತಾನೇ ಮಾತಾಡುವ ಲೂಪ್‌ಬ್ಯಾಕ್‌ಗೆ ಮೀಸಲು. ಎ ವರ್ಗದ ಒಂದು ಜಾಲದಲ್ಲಿ 1,67,77,214 ಕಂಪ್ಯೂಟರ್‌ಗಳಿಗೂ, ಬಿ ವರ್ಗದ್ದರಲ್ಲಿ 65,534ಕ್ಕೂ, ಸಿ ವರ್ಗದ್ದರಲ್ಲಿ 254ಕ್ಕೂ ಜಾಗ.

ಮೈಸೂರು ಸೀಮೆಯ ದೂರವಾಣಿ ಎಸ್‌ಟಿಡಿ ಕೋಡ್‌ಗಳಲ್ಲಿ ಇದೇ ಕಟ್ಟು ಕಣ್ಣಿಗೆ ಕಾಣುತ್ತದೆ. ಬೆಂಗಳೂರಿನದು 080, ಮೈಸೂರಿನದು 0821, ನಂಜನಗೂಡಿನದು 08221, ತಿರುಮಕೂಡಲು ನರಸೀಪುರದ್ದು 08227. ಮುಂದಿನ ಸೊನ್ನೆ ಬಿಟ್ಟು ಎಣಿಸಿದರೆ ಬೆಂಗಳೂರಿಗೆ ಎರಡಂಕಿಯ ಕೋಡ್, ಎಂಟಂಕಿಯ ದೂರವಾಣಿ ಸಂಖ್ಯೆ. ಮೈಸೂರಿಗೆ ಮೂರು ಮತ್ತು ಏಳು. ನಂಜನಗೂಡಿಗೂ ನರಸೀಪುರಕ್ಕೂ ನಾಲ್ಕು ಮತ್ತು ಆರು. ಮೊತ್ತ ಎಲ್ಲೆಡೆಯೂ ಹತ್ತೇ. ಊರು ದೊಡ್ಡದಾದಷ್ಟೂ ಕೋಡ್ ಚಿಕ್ಕದು, ಒಳಗಿನ ಸಂಖ್ಯೆ ಉದ್ದ. ಎ, ಬಿ, ಸಿ ವರ್ಗಗಳ ನಡುವಿನ ಹಂಚಿಕೆಯೂ ಇಂಥದೇ, ಅಲ್ಲಿ ಮೊತ್ತ 32. ದೂರವಾಣಿ ಡೈರೆಕ್ಟರಿಯಲ್ಲಿ ಚಂದಾದಾರರ ಹೆಸರುಗಳ ಭಾಗವನ್ನು ಹೋಸ್ಟ್‌ಗಳ ಪಟ್ಟಿಗೆ ಹೋಲಿಸಿದರೆ, ಮೊದಲ ಪುಟಗಳಲ್ಲಿ ಊರು ಮತ್ತು ಕೋಡ್‌ಗಳನ್ನಷ್ಟೇ ಕೊಡುವ ಎಸ್‌ಟಿಡಿ ಪಟ್ಟಿಯೇ ಜಾಲಗಳ ಪಟ್ಟಿ. ಗೆಟ್‌ನೆಟ್‌ಬೈನೇಮ್‌ಗೆ ‘ನಂಜನಗೂಡು’ ಎಂದು ಕೊಟ್ಟರೆ 8221 ಬರಬೇಕು. ಗೆಟ್‌ನೆಟ್‌ಬೈಆಡ್ರ್‌ಗೆ 8227 ಕೊಟ್ಟರೆ ನರಸೀಪುರವೆಂಬ ಉತ್ತರ ಬರಬೇಕು. ಅಲ್ಲಿರುವ ಯಾವ ಮನೆಯ ಫೋನ್ ನಂಬರೂ ಈ ಫಂಕ್ಷನ್‌ಗಳಿಗೆ ಗೊತ್ತಿರುವುದಿಲ್ಲ.

ಭಾರತದ ಆರಂಭದ ಜಾಲಗಳಿಗೆ ಸಿಕ್ಕಿದ್ದೂ ಇದೇ ಪದ್ಧತಿಯ ಸಂಖ್ಯೆಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐದು ಐಐಟಿಗಳು ಹಾಗೂ ಮುಂಬೈನ ಎನ್‌ಸಿಎಸ್‌ಟಿಗಳನ್ನು ಒಳಗೊಂಡು 1986ರಲ್ಲಿ ಆರಂಭವಾದ ಎರ್ನೆಟ್‌ನ 144.16, ಮೇಲೆ ಹೇಳಿದ ಭಾರತ ಸರ್ಕಾರದ ಎನ್‌ಐಸಿಯ 164.100, ಎರಡೂ ಬಿ ವರ್ಗದವು.

ಕಡತದ ರಚನೆ

/ಎಟ್ಸಿ/ನೆಟ್‌ವರ್ಕ್ಸ್ ಯಾವುದೇ ಎಡಿಟರ್‌ನಲ್ಲಿ ತೆರೆಯಬಹುದಾದ ಸಾದಾ ಪಠ್ಯ. ಸಾಲಿಗೊಂದು ಜಾಲ. ಸಾಲಿನ ಮೊದಲ ಅಂಕಣ ಅಧಿಕೃತ ಹೆಸರು, ಎರಡನೆಯದು ಜಾಲಸಂಖ್ಯೆ, ಆಮೇಲೆ ಬೇಕಿದ್ದರೆ ಒಂದೋ ಹಲವೋ ಅಡ್ಡಹೆಸರುಗಳು. ಅಂಕಣಗಳ ನಡುವೆ ಖಾಲಿ ಜಾಗ ಅಥವಾ ಟ್ಯಾಬ್. # ಚಿಹ್ನೆಯ ನಂತರದ್ದೆಲ್ಲ ಟಿಪ್ಪಣಿ. ಖಾಲಿ ಸಾಲುಗಳು ಲೆಕ್ಕಕ್ಕಿಲ್ಲ. ಜಾಲಸಂಖ್ಯೆಯ ಕೊನೆಯ ‘.0’ಗಳನ್ನು ಬಿಡಬಹುದು: 164.100.0.0 ಎಂದರೂ 164.100 ಎಂದರೂ ಲಿನಕ್ಸ್‌ನಲ್ಲಿ ಒಂದೇ. ಎರಡು ತಾಲ್ಲೂಕು ಕೇಂದ್ರಗಳ ಒಳಜಾಲಗಳಿಗೆ ಖಾಸಗಿ ವಿಳಾಸಗಳನ್ನು ಕೊಟ್ಟು ಬರೆದ ಒಂದು ಕಾಲ್ಪನಿಕ ಕಡತ ಹೀಗಿದ್ದೀತು:

ಲೂಪ್‌ಬ್ಯಾಕ್ 127.0.0.0
ನಂಜನಗೂಡು 192.168.21.0 ಗರಳಪುರಿ
ತಿರುಮಕೂಡಲು-ನರಸೀಪುರ 192.168.27.0 ತಿ-ನರಸೀಪುರ ಟಿ-ನರಸೀಪುರ # ಕಾವೇರಿ, ಕಪಿಲೆಯ ಸಂಗಮ

ಕಡತ ಆಸ್ಕಿ ಅಕ್ಷರಗಳದ್ದೆಂದು ಕೈಪಿಡಿ ಹೇಳುವುದರಿಂದ ನಿಜದಲ್ಲಿ ಈ ಹೆಸರುಗಳನ್ನು ರೋಮನ್ ಅಕ್ಷರಗಳಲ್ಲಿ ಬರೆಯಬೇಕಾಗುತ್ತದೆ. ಖಾಲಿ ಜಾಗವೇ ಅಂಕಣದ ಗಡಿಯಾದ್ದರಿಂದ ತಿರುಮಕೂಡಲು ನರಸೀಪುರದಂಥ ಎರಡು ಪದದ ಹೆಸರನ್ನು ಅಡ್ಡಗೆರೆಯಿಂದ ಬೆಸೆಯದೆ ಬೇರೆ ದಾರಿಯಿಲ್ಲ. ಬೆಸೆಯದಿದ್ದರೆ ಲೈಬ್ರರಿ ‘ನರಸೀಪುರ’ವನ್ನೇ ಜಾಲಸಂಖ್ಯೆಯೆಂದು ಭಾವಿಸುತ್ತದೆ. ಬಸ್ಸಿನ ಬೋರ್ಡಿನಲ್ಲಿ ಟಿ. ನರಸೀಪುರ, ಕನ್ನಡ ಕಾಗದಪತ್ರದಲ್ಲಿ ತಿ. ನರಸೀಪುರ, ಪೂರ್ತಿ ಬರೆದರೆ ತಿರುಮಕೂಡಲು ನರಸೀಪುರ: ಅಡ್ಡಹೆಸರಿನ ಅಂಕಣ ಇರುವುದೇ ಇಂಥ ಊರುಗಳಿಗಾಗಿ ಎನ್ನಬಹುದು. ಮೂರರಲ್ಲಿ ಯಾವುದನ್ನು ಕೇಳಿದರೂ ಒಂದೇ ನಮೂದು ಸಿಗುತ್ತದೆ, ಆದರೆ ಮರಳಿ ಬರುವ ಅಧಿಕೃತ ಹೆಸರು ಮೊದಲ ಅಂಕಣದ್ದೇ.

ಕಡತದಲ್ಲಿ ನೆಟ್‌ಮಾಸ್ಕ್‌ಗೆ ಅಂಕಣವಿಲ್ಲ. ಜಾಲಸಂಖ್ಯೆ ಎಲ್ಲಿ ಮುಗಿದು ಹೋಸ್ಟ್ ಭಾಗ ಎಲ್ಲಿ ಶುರುವಾಗುತ್ತದೆಂಬುದನ್ನು ವರ್ಗವೇ ಹೇಳುತ್ತದೆಂಬ ನಂಬಿಕೆಯಲ್ಲಿ ರೂಪಿಸಿದ ಕಡತ ಇದು. ಹಾಗಾಗಿ ಎ, ಬಿ, ಸಿ ವರ್ಗದ ಇಡೀ ಜಾಲಗಳಿಗೆ ಮಾತ್ರ ಇದು ಸಲ್ಲುತ್ತದೆ. /26, /28ರಂತೆ ಒಡೆದ ಜಾಲಗಳನ್ನು ಇಲ್ಲಿ ಬರೆಯಲು ಬರುವುದಿಲ್ಲವೆಂದು ಲಿನಕ್ಸ್ ಕೈಪಿಡಿ ಸ್ಪಷ್ಟವಾಗಿಯೇ ಹೇಳುತ್ತದೆ.

ನೆಟ್‌ಎಂಟ್ ಸ್ಟ್ರಕ್ಚರ್

ಪಟ್ಟಿಯ ಒಂದು ಸಾಲು ಪ್ರೋಗ್ರಾಮಿನೊಳಗೆ ಬರುವಾಗ ನೆಟ್‌ಎಂಟ್ ಎಂಬ ಸ್ಟ್ರಕ್ಚರ್ ಆಗುತ್ತದೆ. ಅದರ ಘೋಷಣೆ ನೆಟ್‌ಡಿಬಿ.ಎಚ್ ಹೆಡರ್ ಕಡತದಲ್ಲಿದೆ. ಸದಸ್ಯರು ನಾಲ್ಕು. ಎನ್_ನೇಮ್ ಅಧಿಕೃತ ಹೆಸರಿನ ಪಾಯಿಂಟರ್. ಎನ್_ಅಲಿಯಾಸಸ್ ಅಡ್ಡಹೆಸರುಗಳ ಪಾಯಿಂಟರ್ ಸಾಲು, ಅದರ ಕೊನೆಯನ್ನು ನಲ್ ಪಾಯಿಂಟರ್ ಸೂಚಿಸುತ್ತದೆ. ಎನ್_ಆಡ್ರ್‌ಟೈಪ್ ವಿಳಾಸದ ಬಗೆಯನ್ನು ಹೇಳುತ್ತದೆ, ಬಳಕೆಯಲ್ಲಿರುವುದು ಎಎಫ್_ಐನೆಟ್ ಒಂದೇ. ನಾಲ್ಕನೆಯದು ಎನ್_ನೆಟ್, 32 ಬಿಟ್‌ನ ಜಾಲಸಂಖ್ಯೆ.

ಎನ್_ನೆಟ್ ಇರುವುದು ಹೋಸ್ಟ್ ಬೈಟ್ ಕ್ರಮದಲ್ಲಿ, ಎಂದರೆ ಆ ಕಂಪ್ಯೂಟರಿನ ಪ್ರೊಸೆಸರ್ ಸಂಖ್ಯೆಗಳನ್ನು ಇಟ್ಟುಕೊಳ್ಳುವ ಸಹಜ ಕ್ರಮದಲ್ಲಿ. ಅಣ್ಣತಮ್ಮಂದಿರಂಥ ಹೋಸ್ಟ್‌ಎಂಟ್, ಸರ್ವ್‌ಎಂಟ್ ಸ್ಟ್ರಕ್ಚರ್‌ಗಳಿಗೆ ಈ ನಡವಳಿಕೆಯಿಲ್ಲ. ಹೋಸ್ಟ್‌ಎಂಟ್‌ನಲ್ಲಿ ವಿಳಾಸವೂ ಸರ್ವ್‌ಎಂಟ್‌ನಲ್ಲಿ ಪೋರ್ಟ್ ಸಂಖ್ಯೆಯೂ ನೆಟ್‌ವರ್ಕ್ ಬೈಟ್ ಕ್ರಮದಲ್ಲಿರುತ್ತವೆ. ಗೆಟ್‌ಹೋಸ್ಟ್‌ಬೈನೇಮ್ ಬಳಸಿ ರೂಢಿಯಾದವರು ಎನ್_ನೆಟ್ ಅನ್ನು ಪರಿವರ್ತಿಸದೆ ನೇರವಾಗಿ ಮುದ್ರಿಸಹೋದರೆ ಇಂಟೆಲ್ ಬಗೆಯ ಪ್ರೊಸೆಸರ್‌ನಲ್ಲಿ 192.168.21.0 ಬದಲು 0.21.168.192 ಎಂದು ತಲೆಕೆಳಗಾಗಿ ಬರುತ್ತದೆ. ಮುದ್ರಿಸುವ ಮುನ್ನ ಎಚ್‌ಟಿಒಎನ್‌ಎಲ್ ಮೂಲಕ ಹಾಯಿಸಿದರೆ ಸರಿಯಾಗುತ್ತದೆ.

ಫಂಕ್ಷನ್‌ಗಳು

ಸೆಟ್‌ನೆಟ್‌ಎಂಟ್ ಪಟ್ಟಿಯನ್ನು ತೆರೆದು ಓದುವ ಬೆರಳನ್ನು ಮೊದಲ ಸಾಲಿನ ಮೇಲಿಡುತ್ತದೆ. ಅದಕ್ಕೆ ಸ್ಟೇಓಪನ್ ಎಂಬ ಒಂದು ಪೂರ್ಣಾಂಕ ಕೊಡಬೇಕು. ಸೊನ್ನೆಯಲ್ಲದ ಬೆಲೆ ಕೊಟ್ಟರೆ ಮುಂದಿನ ಹುಡುಕಾಟಗಳ ನಡುವೆ ಕಡತ ಮುಚ್ಚುವುದಿಲ್ಲ. ಒಂದರ ಹಿಂದೊಂದು ಹಲವು ಹೆಸರುಗಳನ್ನು ಹುಡುಕುವ ಪ್ರೋಗ್ರಾಮಿಗೆ ಇದರಿಂದ ಪ್ರತಿ ಸಲ ಕಡತ ತೆರೆಯುವ ಕೆಲಸ ಉಳಿಯುತ್ತದೆ. ಎಂಡ್‌ನೆಟ್‌ಎಂಟ್ ಪಟ್ಟಿಯನ್ನು ಮುಚ್ಚುತ್ತದೆ. ಎರಡೂ ಏನನ್ನೂ ಮರಳಿಸುವುದಿಲ್ಲ.

ಗೆಟ್‌ನೆಟ್‌ಎಂಟ್ ಕರೆದಾಗಲೆಲ್ಲ ಮುಂದಿನ ಒಂದು ನಮೂದನ್ನು ಓದಿ, ನೆಟ್‌ಎಂಟ್ ಸ್ಟ್ರಕ್ಚರಿನ ಪಾಯಿಂಟರ್ ಮರಳಿಸುತ್ತದೆ. ಪಟ್ಟಿ ತೆರೆದಿರದಿದ್ದರೆ ತಾನೇ ತೆರೆಯುತ್ತದೆ. ಸಾಲುಗಳು ಮುಗಿದಾಗ ಅಥವಾ ದೋಷ ಎದುರಾದಾಗ ಸಿಗುವುದು ನಲ್. ಇಡೀ ಪಟ್ಟಿ ಓದಬೇಕಾದರೆ ಸೆಟ್‌ನೆಟ್‌ಎಂಟ್ ಕರೆದು, ನಲ್ ಬರುವವರೆಗೂ ಗೆಟ್‌ನೆಟ್‌ಎಂಟ್ ಅನ್ನು ಲೂಪಿನಲ್ಲಿ ಕರೆದು, ಎಂಡ್‌ನೆಟ್‌ಎಂಟ್‌ನಿಂದ ಮುಗಿಸುವುದು ರೂಢಿ.

ಗೆಟ್‌ನೆಟ್‌ಬೈನೇಮ್ ಹೆಸರು ಪಡೆದು, ಅದು ಅಧಿಕೃತ ಹೆಸರಾಗಿಯೋ ಅಡ್ಡಹೆಸರಾಗಿಯೋ ಇರುವ ಮೊದಲ ನಮೂದನ್ನು ಕೊಡುತ್ತದೆ. ಗೆಟ್‌ನೆಟ್‌ಬೈಆಡ್ರ್ ಜಾಲಸಂಖ್ಯೆ ಮತ್ತು ವಿಳಾಸದ ಬಗೆಯನ್ನು ಪಡೆದು, ಎರಡೂ ಹೊಂದುವ ಮೊದಲ ನಮೂದನ್ನು ಕೊಡುತ್ತದೆ. ಸಂಖ್ಯೆಯನ್ನು ಹೋಸ್ಟ್ ಬೈಟ್ ಕ್ರಮದಲ್ಲೇ ಕೊಡಬೇಕು. ಚುಕ್ಕಿಗಳಿಂದ ಬರೆದ ವಿಳಾಸವನ್ನು ಆ ಕ್ರಮದ ಸಂಖ್ಯೆಯಾಗಿಸಲು ಐನೆಟ್_ನೆಟ್‌ವರ್ಕ್ ಎಂಬ ಬೇರೊಂದು ಫಂಕ್ಷನ್ ಇದೆ. ಲಿನಕ್ಸ್‌ನ ಜಿ-ಲಿಬ್‌ಸಿಯಲ್ಲಿ ಈ ಜಾಲಸಂಖ್ಯೆಯ ಟೈಪ್ 2.2ನೇ ಆವೃತ್ತಿಗೂ ಮೊದಲು ಲಾಂಗ್ ಆಗಿತ್ತು, ನಂತರ 32 ಬಿಟ್‌ನ ಚಿಹ್ನೆರಹಿತ ಪೂರ್ಣಾಂಕವಾಯಿತು.

ಈ ಮೂರೂ ಮರಳಿಸುವ ಪಾಯಿಂಟರ್ ಲೈಬ್ರರಿಯ ಸ್ವಂತ ಸ್ಥಿರ ಸ್ಮೃತಿಯತ್ತ ತೋರುತ್ತದೆ. ಮುಂದಿನ ಕರೆ ಬಂದಾಗ ಅಲ್ಲಿದ್ದದ್ದು ಅಳಿಸಿಹೋಗಬಹುದು. ನಂಜನಗೂಡಿನ ನಮೂದನ್ನು ತೆಗೆದುಕೊಂಡು ಕೂಡಲೇ ನರಸೀಪುರದ್ದನ್ನು ಕೇಳಿದರೆ ಮೊದಲ ಪಾಯಿಂಟರಿನ ಮೂಲಕ ಕಾಣುವುದೂ ನರಸೀಪುರವೇ ಆಗಿರಬಹುದು. ನಮೂದು ಉಳಿಯಬೇಕಾದರೆ ಹೆಸರು, ಅಡ್ಡಹೆಸರುಗಳ ಸಮೇತ ನಕಲು ಮಾಡಿಟ್ಟುಕೊಳ್ಳಬೇಕು; ಪಾಯಿಂಟರನ್ನು ಮಾತ್ರ ನಕಲಿಸಿದರೆ ಸಾಲದು. ಲೈಬ್ರರಿಯ ಆ ಸ್ಮೃತಿಯನ್ನು ಪ್ರೋಗ್ರಾಮ್ ಬಿಡುಗಡೆ ಮಾಡಲೂ ಹೋಗಬಾರದು.

ಜಾಲಸಂಖ್ಯೆಯ ಎರಡು ರೂಪಗಳು

ಎಲ್ಲ ಸಿಸ್ಟಮ್‌ಗಳಲ್ಲೂ ಒಂದೇ ಹೆಸರಿನ ಫಂಕ್ಷನ್ ಇದ್ದರೂ, ಸಂಖ್ಯೆಯನ್ನು ಯಾವ ರೂಪದಲ್ಲಿ ಕೊಡಬೇಕೆಂಬುದರಲ್ಲಿ ಭೇದವಿದೆ. ಒಂದು ಸಿಸ್ಟಮ್‌ನಿಂದ ಇನ್ನೊಂದಕ್ಕೆ ಪ್ರೋಗ್ರಾಮ್ ಒಯ್ಯುವವರು ಎಡವುವುದು ಹೆಚ್ಚಾಗಿ ಇಲ್ಲೇ. ಐನೆಟ್_ನೆಟ್‌ವರ್ಕ್ ತನಗೆ ಕೊಟ್ಟ ಅಂಕಿಗಳನ್ನಷ್ಟೇ ಬಲಕ್ಕೆ ಒತ್ತಿ ಜೋಡಿಸುತ್ತದೆ: ‘127’ ಕೊಟ್ಟರೆ 127, ‘164.100’ ಕೊಟ್ಟರೆ 42084, ‘192.168.21’ ಕೊಟ್ಟರೆ 1,26,25,941. ಬಿಎಸ್‌ಡಿ ಪರಂಪರೆಯ ಲೈಬ್ರರಿಗಳು ಕಡತದಲ್ಲಿದ್ದುದನ್ನು ಈ ಫಂಕ್ಷನ್ನಿಗೆ ಹಾಗೆಯೇ ಕೊಟ್ಟು ಬಂದದ್ದನ್ನು ಎನ್_ನೆಟ್‌ನಲ್ಲಿ ಇಡುತ್ತವೆ. ಕಡತದಲ್ಲಿ ಸೊನ್ನೆಗಳನ್ನು ಬಿಟ್ಟು ಬರೆದಿದ್ದರೆ ಗಿಡ್ಡ ಸಂಖ್ಯೆ, ಪೂರ್ತಿ ಬರೆದಿದ್ದರೆ ಉದ್ದ ಸಂಖ್ಯೆ.

ಜಿ-ಲಿಬ್‌ಸಿ ಹಾಗಲ್ಲ. ಕಡತದಲ್ಲಿ ನಾಲ್ಕು ಭಾಗಗಳಿಲ್ಲದಿದ್ದರೆ ಬಲಕ್ಕೆ ಸೊನ್ನೆಗಳನ್ನು ತಾನೇ ಸೇರಿಸಿಕೊಂಡು 32 ಬಿಟ್ ತುಂಬುತ್ತದೆ. ಅದರ ಲೆಕ್ಕದಲ್ಲಿ ಲೂಪ್‌ಬ್ಯಾಕ್ ಜಾಲ 127 ಅಲ್ಲ, 213,07,06,432. ಮೇಲಿನ ಕಡತದ ನಂಜನಗೂಡು 323,22,40,896. ಎನ್‌ಐಸಿಯ 164.100 ಆಗ 275,80,17,024. ಹೋಲಿಕೆ ನೇರ ಸಮಾನತೆಯಿಂದ ನಡೆಯುವುದರಿಂದ ಲಿನಕ್ಸ್‌ನಲ್ಲಿ ಗೆಟ್‌ನೆಟ್‌ಬೈಆಡ್ರ್‌ಗೆ ಬರಿಯ 127 ಕೊಟ್ಟು ಕಡತದಲ್ಲಿ ಹುಡುಕಿಸಿದರೆ ನಲ್ ಬರುತ್ತದೆ. ಪಾಸಿಕ್ಸ್ ಮಾನದಂಡ ‘ಹೋಸ್ಟ್ ಬೈಟ್ ಕ್ರಮದ ಜಾಲಸಂಖ್ಯೆ’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ.

ಥ್ರೆಡ್‌ಗಳಿಗೆ ಹೊಂದುವ ರೂಪಗಳು

ಸ್ಥಿರ ಸ್ಮೃತಿ ಒಂದೇ ಇರುವುದರಿಂದ ಮೂಲ ಫಂಕ್ಷನ್‌ಗಳು ಹಲವು ಥ್ರೆಡ್‌ಗಳ ಪ್ರೋಗ್ರಾಮಿಗೆ ಸುರಕ್ಷಿತವಲ್ಲ. ಇದಕ್ಕೆ ಪರಿಹಾರವಾಗಿ ಜಿ-ಲಿಬ್‌ಸಿಯಲ್ಲಿ ಹೆಸರಿನ ಕೊನೆಗೆ ‘_ಆರ್’ ಸೇರಿದ ಮೂರು ರೂಪಗಳಿವೆ: ಗೆಟ್‌ನೆಟ್‌ಎಂಟ್_ಆರ್, ಗೆಟ್‌ನೆಟ್‌ಬೈನೇಮ್_ಆರ್, ಗೆಟ್‌ನೆಟ್‌ಬೈಆಡ್ರ್_ಆರ್. ಇವಕ್ಕೆ ಸ್ಟ್ರಕ್ಚರನ್ನೂ, ಹೆಸರುಗಳನ್ನು ಇಡಲು ಬೇಕಾದ ಬಫರನ್ನೂ ಕರೆಯುವವರೇ ಒದಗಿಸಬೇಕು. ಯಶಸ್ಸಾದರೆ ಮರಳುವ ಬೆಲೆ 0. ಬಫರ್ ಸಾಲದಿದ್ದರೆ ಇರೇಂಜ್ ಎಂಬ ದೋಷಸಂಖ್ಯೆ ಬರುತ್ತದೆ, ಆಗ ಬಫರನ್ನು ದೊಡ್ಡದು ಮಾಡಿ ಮತ್ತೆ ಕರೆಯಬೇಕು. ಸಾಲುಗಳು ಮುಗಿದರೆ ಗೆಟ್‌ನೆಟ್‌ಎಂಟ್_ಆರ್‌ನಿಂದ ಬರುವುದು ಇನೋಎಂಟ್. ಹೆಸರು ಹುಡುಕುವಾಗಿನ ದೋಷ ತಿಳಿಯಲು ಎಚ್_ಎರ್‌ನೊ ಬಗೆಯ ಇನ್ನೊಂದು ಪೂರ್ಣಾಂಕದ ವಿಳಾಸವನ್ನೂ ಕೊಡಲಾಗುತ್ತದೆ.

ಪಾಸಿಕ್ಸ್‌ನಲ್ಲಿ ಈ ರೂಪಗಳಿಲ್ಲ. ಸೋಲಾರಿಸ್‌ನಲ್ಲಿ ಇದೇ ಹೆಸರಿನವು ಪೂರ್ಣಾಂಕದ ಬದಲು ಪಾಯಿಂಟರ್ ಮರಳಿಸುತ್ತವೆ, ಕೊಡಬೇಕಾದ ಅಂಶಗಳೂ ಕಡಿಮೆ.

ಮಾಹಿತಿಯ ಮೂಲಗಳು

ಪಟ್ಟಿಯನ್ನು ಎಲ್ಲಿಂದ ಓದಬೇಕೆಂದು ನಿರ್ಧರಿಸುವುದು ಎನ್‌ಎಸ್‌ಎಸ್ ಎಂಬ ವ್ಯವಸ್ಥೆ. ಸೋಲಾರಿಸ್‌ನಿಂದ ಬಂದ ಈ ಏರ್ಪಾಡು ಲಿನಕ್ಸ್‌ನಲ್ಲೂ ನೆಲೆಯೂರಿತು. /ಎಟ್ಸಿ/ಎನ್‌ಎಸ್‌ಸ್ವಿಚ್.ಕಾನ್ಫ್ ಕಡತದ ‘ನೆಟ್‌ವರ್ಕ್ಸ್:’ ಸಾಲಿನಲ್ಲಿ ‘ಫೈಲ್ಸ್’ ಎಂದಿದ್ದರೆ ಸ್ಥಳೀಯ ಕಡತ ಮಾತ್ರ. ‘ಫೈಲ್ಸ್ ಡಿಎನ್‌ಎಸ್’ ಎಂದಿದ್ದರೆ ಮೊದಲು ಕಡತ, ಅಲ್ಲಿ ಸಿಗದಿದ್ದರೆ ಡಿಎನ್‌ಎಸ್.

ಸನ್ ಸಂಸ್ಥೆಯ ಎನ್‌ಐಎಸ್‌ನಲ್ಲಿ ಇದೇ ಪಟ್ಟಿ ಹೆಸರಿನಿಂದ ಹುಡುಕಲು ಒಂದು, ಸಂಖ್ಯೆಯಿಂದ ಹುಡುಕಲು ಇನ್ನೊಂದು ಹೀಗೆ ಎರಡು ನಕ್ಷೆಗಳಾಗಿ ಇರುತ್ತದೆ. ಎಲ್‌ಡ್ಯಾಪ್‌ಗೆ 1998ರ ಆರ್‌ಎಫ್‌ಸಿ 2307 ಐಪಿನೆಟ್‌ವರ್ಕ್ ಎಂಬ ವರ್ಗವನ್ನು ನಿರೂಪಿಸಿದೆ. ಅದರಲ್ಲಿ ನೆಟ್‌ಮಾಸ್ಕ್ ಬರೆದಿಡಲು ಜಾಗವಿದೆ. ಅದನ್ನು ಪ್ರೋಗ್ರಾಮಿಗೆ ತಲುಪಿಸಬೇಕಾದ ನೆಟ್‌ಎಂಟ್ ಸ್ಟ್ರಕ್ಚರಿನಲ್ಲಿ ಇಲ್ಲ.

ಡಿಎನ್‌ಎಸ್ ಮೂಲಕ ಜಾಲದ ಹೆಸರು ಹುಡುಕುವ ವಿಧಾನ ಡಿಎನ್‌ಎಸ್‌ನ ಜನಕ ಪಾಲ್ ಮೊಕಪೆಟ್ರಿಸ್ ಅವರೇ 1989ರಲ್ಲಿ ಬರೆದ ಆರ್‌ಎಫ್‌ಸಿ 1101ರಲ್ಲಿದೆ. ಜಾಲಸಂಖ್ಯೆಯನ್ನು ಸೊನ್ನೆಗಳಿಂದ ತುಂಬಿ, ಹಿಂದುಮುಂದಾಗಿಸಿ, ‘ಇನ್-ಆಡ್ರ್.ಆರ್ಪ’ ವಲಯದಲ್ಲಿ ಪಿಟಿಆರ್ ದಾಖಲೆ ಕೇಳುವುದು ಆ ವಿಧಾನ. 164.100ಕ್ಕೆ ಕೇಳಬೇಕಾದದ್ದು 0.0.100.164ರ ಹೆಸರು. ನಾಲ್ಕು ಬಗೆಯ ಪಟ್ಟಿಗಳಲ್ಲಿ ಡಿಎನ್‌ಎಸ್‌ನಿಂದ ಬರುವುದು ಹೋಸ್ಟ್ ಮತ್ತು ಜಾಲಗಳವು ಮಾತ್ರ. ಆದರೆ ಈ ಬಗೆಯ ದಾಖಲೆಗಳನ್ನು ಜಾಲ ನಿರ್ವಾಹಕರು ವಾಡಿಕೆಯಾಗಿ ಬರೆದಿಡುವುದಿಲ್ಲ, ಪ್ರಶ್ನೆಗಳು ಬಹುಪಾಲು ಉತ್ತರವಿಲ್ಲದೆ ಮರಳುತ್ತವೆ. ಹುಡುಕಿದ್ದನ್ನು ನೆನಪಿಟ್ಟುಕೊಳ್ಳುವ ಎನ್‌ಎಸ್‌ಸಿಡಿ ಸೇವೆಯೂ ಹೋಸ್ಟ್ಸ್, ಸರ್ವಿಸಸ್ ಪಟ್ಟಿಗಳನ್ನು ಒಳಗೊಂಡು ಜಾಲಗಳ ಪಟ್ಟಿಯನ್ನು ಹೊರಗಿಟ್ಟಿದೆ.

ಎನ್‌ಎಸ್‌ಎಸ್ ಇರುವುದರಿಂದ ಬರುವ ಒಂದು ಕಟ್ಟುಪಾಡು: ಜಿ-ಲಿಬ್‌ಸಿಯೊಂದಿಗೆ ಪ್ರೋಗ್ರಾಮನ್ನು ಸ್ಟ್ಯಾಟಿಕ್ ಆಗಿ ಲಿಂಕ್ ಮಾಡಿದರೂ ಈ ಫಂಕ್ಷನ್‌ಗಳು ಓಡುವಾಗ ಹಂಚಿಕೆಯ ಲೈಬ್ರರಿಗಳನ್ನು ಬೇಡುತ್ತವೆ. ಲಿಂಕರ್ ಈ ಬಗ್ಗೆ ಎಚ್ಚರಿಕೆ ಮುದ್ರಿಸುತ್ತದೆ.

ಬಳಕೆ

ಈ ಬಳಗದ ಹಳೆಯ ಗಿರಾಕಿಗಳು ರೂಟ್ ಮತ್ತು ನೆಟ್‌ಸ್ಟ್ಯಾಟ್ ಎಂಬ ಕಮಾಂಡ್‌ಗಳು. ರೂಟಿಂಗ್ ಕೋಷ್ಟಕ ತೋರಿಸುವಾಗ ಸಂಖ್ಯೆಯ ಬದಲು ಜಾಲದ ಹೆಸರು ತೋರಿಸಲು ಅವು ಪಟ್ಟಿಯನ್ನು ನೋಡುತ್ತವೆ. ಮೇಲಿನ ಕಡತವಿರುವ ಕಂಪ್ಯೂಟರಿನಲ್ಲಿ 192.168.21.0 ಎಂಬ ದಾರಿಯ ಮುಂದೆ ಊರ ಹೆಸರೇ ಮೂಡುತ್ತದೆ. ಹೆಸರಿನ ಹುಡುಕಾಟ ಬೇಡವೆಂದರೆ ‘-ಎನ್’ ಆಯ್ಕೆ ಕೊಡಬೇಕು. ಡಿಎನ್‌ಎಸ್ ಕೈಕೊಟ್ಟ ಹೊತ್ತಿನಲ್ಲಿ ನೆಟ್‌ಸ್ಟ್ಯಾಟ್ ಒಂದೊಂದು ಸಾಲಿಗೂ ನಿಂತು ನಿಂತು ಮುಂದುವರಿಯುವುದಕ್ಕೆ ಈ ಹೆಸರು ಹುಡುಕಾಟವೇ ಕಾರಣ. ಜಾಲ ನಿರ್ವಹಿಸುವವರ ಬೆರಳುಗಳಿಗೆ ‘-ಎನ್’ ಅಭ್ಯಾಸವಾಗಿರುವುದು ಸುಮ್ಮನೆ ಅಲ್ಲ.

ಟಿಸಿಪಿಡಂಪ್ ಮತ್ತು ಅದರ ತಳದಲ್ಲಿರುವ ಲಿಬ್‌ಪಿಕ್ಯಾಪ್‌ನಲ್ಲಿ ಪ್ಯಾಕೆಟ್ ಸೋಸುವಾಗ ‘ನೆಟ್’ ಎಂಬ ಪದದ ಮುಂದೆ ಜಾಲಸಂಖ್ಯೆಯನ್ನೋ ಪಟ್ಟಿಯಲ್ಲಿರುವ ಹೆಸರನ್ನೋ ಕೊಡಬಹುದು. ಫ್ರೀಬಿಎಸ್‌ಡಿಯಲ್ಲಿ ಎನ್‌ಎಫ್‌ಎಸ್ ಹಂಚಿಕೆಯನ್ನು ಒಂದು ಜಾಲಕ್ಕೆ ಸೀಮಿತಗೊಳಿಸುವಾಗಲೂ ಹೆಸರು ಬಳಸಲು ಬರುತ್ತದೆ. ಪ್ರೋಗ್ರಾಮ್ ಬರೆಯದೆಯೇ ಪಟ್ಟಿ ಪರೀಕ್ಷಿಸಬೇಕಾದವರಿಗೆ ಗೆಟೆಂಟ್ ಕಮಾಂಡ್ ಇದೆ. ‘ಗೆಟೆಂಟ್ ನೆಟ್‌ವರ್ಕ್ಸ್’ ಎಂದಷ್ಟೇ ಕೊಟ್ಟರೆ ಅದು ಸೆಟ್‌ನೆಟ್‌ಎಂಟ್, ಗೆಟ್‌ನೆಟ್‌ಎಂಟ್, ಎಂಡ್‌ನೆಟ್‌ಎಂಟ್‌ಗಳಿಂದ ಇಡೀ ಪಟ್ಟಿ ಮುದ್ರಿಸುತ್ತದೆ. ಮುಂದೆ ಹೆಸರು ಸೇರಿಸಿದರೆ ಗೆಟ್‌ನೆಟ್‌ಬೈನೇಮ್, ಸಂಖ್ಯೆ ಸೇರಿಸಿದರೆ ಗೆಟ್‌ನೆಟ್‌ಬೈಆಡ್ರ್ ಕೆಲಸ ಮಾಡುತ್ತವೆ. ಐದು ಫಂಕ್ಷನ್‌ಗಳನ್ನೂ ಒಂದೇ ಕಮಾಂಡ್‌ನಲ್ಲಿ ಆಡಿಸಿ ನೋಡಲು ಇದಕ್ಕಿಂತ ಸುಲಭದ ದಾರಿಯಿಲ್ಲ.

ಸಿ ಬಿಟ್ಟು ಬೇರೆ ಭಾಷೆಗಳಲ್ಲಿ ಪರ್ಲ್ ಈ ಬಳಗವನ್ನು ಪೂರ್ತಿಯಾಗಿ, ಅದೇ ಹೆಸರುಗಳಿಂದ ಒಳಗೊಂಡಿದೆ. ಪೈಥಾನ್‌ನ ಸಾಕೆಟ್ ಮಾಡ್ಯೂಲ್‌ನಲ್ಲಿ ಹೋಸ್ಟ್, ಸೇವೆ, ಪ್ರೊಟೊಕಾಲ್‌ಗಳಿಗೆ ಫಂಕ್ಷನ್‌ಗಳಿವೆ, ಜಾಲಕ್ಕಿಲ್ಲ.

ಭದ್ರತಾ ದೋಷಗಳು

ಅಪರೂಪಕ್ಕೆ ಬಳಕೆಯಾಗುವ ದಾರಿಯಲ್ಲಿ ದೋಷಗಳು ಬಹುಕಾಲ ಕಣ್ಣಿಗೆ ಬೀಳದೆ ಉಳಿಯುತ್ತವೆ. ಜಿ-ಲಿಬ್‌ಸಿಯಲ್ಲಿ ಡಿಎನ್‌ಎಸ್ ಮೂಲಕ ಗೆಟ್‌ನೆಟ್‌ಬೈನೇಮ್ ನಡೆಸುವ ಭಾಗದಲ್ಲಿ ಹೀಗೆ ಎರಡು ದೋಷಗಳು ಬೆಳಕಿಗೆ ಬಂದವು. ಸಿವಿಇ-2014-9402ರಂತೆ ಸರ್ವರ್‌ನಿಂದ ‘ಸಿಕ್ಕಿತು’ ಎಂಬ ಉತ್ತರ ಬಂದಾಗ ಫಂಕ್ಷನ್ ಮುಗಿಯದ ಲೂಪಿಗೆ ಬೀಳುತ್ತಿತ್ತು. ಸಿಗಲಿಲ್ಲವೆಂಬ ಉತ್ತರವೇ ವಾಡಿಕೆಯಾದ ಕಡೆ ಸಿಕ್ಕಿತೆಂಬ ಉತ್ತರ ಅಪಾಯಕ್ಕೆ ಎಡೆಯಾಯಿತು. 2.21ನೇ ಆವೃತ್ತಿಯಲ್ಲಿ ಇದನ್ನು ಸರಿಪಡಿಸಲಾಯಿತು. ಸಿವಿಇ-2016-3075ರಂತೆ ಬಹಳ ಉದ್ದದ ಹೆಸರು ಕೊಟ್ಟರೆ ಸ್ಟ್ಯಾಕ್ ತುಂಬಿ ಪ್ರೋಗ್ರಾಮ್ ಬೀಳುತ್ತಿತ್ತು. ಇದಕ್ಕೆ ಪರಿಹಾರ ಬಂದದ್ದು 2.24ರಲ್ಲಿ. ‘ನೆಟ್‌ವರ್ಕ್ಸ್:’ ಸಾಲಿನಲ್ಲಿ ‘ಡಿಎನ್‌ಎಸ್’ ಇಲ್ಲದ ಕಂಪ್ಯೂಟರ್‌ಗಳಿಗೆ ಇವೆರಡೂ ತಟ್ಟುವಂತಿರಲಿಲ್ಲ.

ಇಂದಿನ ಸ್ಥಿತಿ

ಬಳಗಕ್ಕೆ ಆಧಾರವಾಗಿದ್ದ ವರ್ಗ ಪದ್ಧತಿ ಬಳಗ ಹುಟ್ಟಿದ ಹತ್ತೇ ವರ್ಷಗಳಲ್ಲಿ ಬಿದ್ದುಹೋಯಿತು. ಮೊದಲು 1985ರ ಆರ್‌ಎಫ್‌ಸಿ 950 ಒಂದು ಜಾಲವನ್ನು ಒಳಗೊಳಗೇ ಹಿಸ್ಸಾ ಮಾಡುವ ಸಬ್‌ನೆಟ್ ಕ್ರಮವನ್ನು ತಂದಿತು. 1993ರಲ್ಲಿ ಬಂದ ಸಿಐಡಿಆರ್ ಪದ್ಧತಿ ವರ್ಗಗಳನ್ನೇ ತೆಗೆದುಹಾಕಿ, ಜಾಲಸಂಖ್ಯೆ ಎಷ್ಟು ಬಿಟ್ ಉದ್ದವೆಂದು ಓರೆಗೆರೆಯ ಮುಂದೆ ಬರೆಯುವ ರೂಢಿ ಹಾಕಿತು. 10.0.0.0 ಎಂಬುದು /8 ಆಗಿರಬಹುದು, /16 ಆಗಿರಬಹುದು, /24 ಆಗಿರಬಹುದು. ಸಂಖ್ಯೆಯೊಂದೇ ಕೈಯಲ್ಲಿದ್ದರೆ ಜಾಲ ಯಾವುದೆಂದು ತಿಳಿಯುವುದಿಲ್ಲ. ಎಸ್‌ಟಿಡಿ ಕೋಡ್ ಎಷ್ಟಂಕಿಯದೆಂದು ಹೇಳದೆ ಬರಿಯ ಹತ್ತಂಕಿ ಕೊಟ್ಟು ಊರು ಯಾವುದೆಂದು ಕೇಳಿದಂತೆ. ನೆಟ್‌ಎಂಟ್ ಸ್ಟ್ರಕ್ಚರಿಗೆ ನೆಟ್‌ಮಾಸ್ಕ್‌ನ ಸದಸ್ಯನನ್ನು ಸೇರಿಸಲೇ ಇಲ್ಲ. 32 ಬಿಟ್‌ನ ಎನ್_ನೆಟ್‌ನಲ್ಲಿ 128 ಬಿಟ್‌ಗಳ ಐಪಿವಿ6 ವಿಳಾಸವೂ ಹಿಡಿಸದು.

ರಾಜ್ಯವ್ಯಾಪಿ ಸರ್ಕಾರಿ ಜಾಲಗಳು ಬಂದದ್ದು ಈ ಬದಲಾವಣೆಯ ನಂತರ. ರಾಜಧಾನಿಯಿಂದ ಜಿಲ್ಲಾ ಕೇಂದ್ರಕ್ಕೆ, ಅಲ್ಲಿಂದ ತಾಲ್ಲೂಕು ಕೇಂದ್ರಕ್ಕೆ ಕನಿಷ್ಠ 2 ಎಂಬಿಪಿಎಸ್ ಸಂಪರ್ಕ ಒದಗಿಸುವ ಸ್ವಾನ್ ಯೋಜನೆಗೆ ಕೇಂದ್ರ ಸರ್ಕಾರ 2005ರಲ್ಲಿ ಒಪ್ಪಿಗೆ ಕೊಟ್ಟಿತು. ಕರ್ನಾಟಕದಲ್ಲಿ ಅದು ಕೆಸ್ವಾನ್. ಬೆಂಗಳೂರು, ಮೈಸೂರು, ನಂಜನಗೂಡು ಅಥವಾ ನರಸೀಪುರ ಎಂಬ ಮೂರು ಮೆಟ್ಟಿಲಿನ ಈ ಏರ್ಪಾಡು ಎಸ್‌ಟಿಡಿ ಕೋಡ್‌ಗಳ ಮೆಟ್ಟಿಲುಗಳನ್ನೇ ಹೋಲುತ್ತದೆ. ಆದರೆ ಇಂಥ ಜಾಲದಲ್ಲಿ ಒಂದೊಂದು ಕಚೇರಿಗೆ ಹಂಚುವ ತುಂಡುಗಳನ್ನು ಸಿಐಡಿಆರ್ ಉದ್ದವಿಲ್ಲದೆ ಹೇಳಲಾಗದು, ಹಾಗಾಗಿ ಅವುಗಳ ಹೆಸರುಪಟ್ಟಿ /ಎಟ್ಸಿ/ನೆಟ್‌ವರ್ಕ್ಸ್‌ನ ಅಳತೆಗೆ ಸಿಗುವಂಥದ್ದಲ್ಲ. ಆ ಕೆಲಸಕ್ಕೆ ಐಪಿ ವಿಳಾಸ ನಿರ್ವಹಣೆಯ ಪ್ರತ್ಯೇಕ ತಂತ್ರಾಂಶಗಳಿವೆ.

ಮಾನದಂಡದಲ್ಲಿ ಮಾತ್ರ ಬಳಗ ಭದ್ರವಾಗಿದೆ. ಪಾಸಿಕ್ಸ್ 2008ರ ಆವೃತ್ತಿ ಹೆಚ್ಚು ಜನಪ್ರಿಯವಾಗಿದ್ದ ಗೆಟ್‌ಹೋಸ್ಟ್‌ಬೈನೇಮ್, ಗೆಟ್‌ಹೋಸ್ಟ್‌ಬೈಆಡ್ರ್‌ಗಳನ್ನು ಕೈಬಿಟ್ಟಿತು. ಐಪಿವಿ6 ತಿಳಿದ ಗೆಟ್‌ಆಡ್ರ್‌ಇನ್ಫೊ ಅವುಗಳ ಜಾಗಕ್ಕೆ ಬಂದಿತ್ತು. ಗೆಟ್‌ನೆಟ್‌ಬೈನೇಮ್‌ನ ಜಾಗಕ್ಕೆ ಯಾರೂ ಬರಲಿಲ್ಲ, ಅದನ್ನು ತೆಗೆಯಲೂ ಇಲ್ಲ. ಐದೂ ಫಂಕ್ಷನ್‌ಗಳು ಮಾನದಂಡದಲ್ಲಿ ಉಳಿದಿವೆ.

ಲೈಬ್ರರಿಗಳ ನಡೆ ಒಂದೇ ತೆರನಲ್ಲ. ಜಿ-ಲಿಬ್‌ಸಿ ಮತ್ತು ಫ್ರೀಬಿಎಸ್‌ಡಿಗಳಲ್ಲಿ ಫಂಕ್ಷನ್‌ಗಳು ಪೂರ್ಣವಾಗಿ ಕೆಲಸ ಮಾಡುತ್ತವೆ. ಆಲ್ಪೈನ್ ಲಿನಕ್ಸ್ ಬಳಸುವ ಮಸಲ್ ಲೈಬ್ರರಿಯಲ್ಲಿ ಹೆಸರುಗಳು ಇವೆ, ಪಟ್ಟಿ ಓದುವ ಕೆಲಸವಿಲ್ಲ. ಏನು ಕೇಳಿದರೂ ಉತ್ತರ ನಲ್. ವಿಂಡೋಸ್‌ನ ವಿನ್‌ಸಾಕ್‌ನಲ್ಲಿ ಇನ್ನೂ ವಿಚಿತ್ರ: ನೆಟ್‌ಎಂಟ್ ಸ್ಟ್ರಕ್ಚರಿನ ಘೋಷಣೆ ಹೆಡರ್‌ನಲ್ಲಿದೆ, ಅದನ್ನು ತುಂಬಿಕೊಡುವ ಫಂಕ್ಷನ್ ಒಂದೂ ಇಲ್ಲ. ಲಿನಕ್ಸ್‌ನಲ್ಲಿ ರೂಟ್, ನೆಟ್‌ಸ್ಟ್ಯಾಟ್‌ಗಳ ಜಾಗಕ್ಕೆ ಬಂದ ‘ಐಪಿ’ ಕಮಾಂಡ್ ದಾರಿಗಳನ್ನು ತೋರಿಸುವಾಗ ಈ ಪಟ್ಟಿಯತ್ತ ನೋಡುವುದಿಲ್ಲ. ಹೊಸದಾಗಿ ಡೆಬಿಯನ್ ಹಾಕಿದ ಕಂಪ್ಯೂಟರಿನ /ಎಟ್ಸಿ/ನೆಟ್‌ವರ್ಕ್ಸ್ ತೆರೆದರೆ ಇರುವುದು ಮೂರೇ ಸಾಲು: ಡಿಫಾಲ್ಟ್ 0.0.0.0, ಲೂಪ್‌ಬ್ಯಾಕ್ 127.0.0.0, ಲಿಂಕ್-ಲೋಕಲ್ 169.254.0.0.